ಬಿಜಲಿಯ ಮೈಮೇಲಿನ ಗಂಟು

ಪಶ್ಚಿಮ ತಾಂಬರಂ, ಚೆನ್ನೈ
೮ ಜನವರಿ ೨೦೨೪

ತೇಜುವಿಗೆ,

ಅಕ್ಷರ ನೋಡಿದ ಕೂಡಲೇ ಯಾರದ್ದೆಂದು ಗೊತ್ತಾಗಿರಬೇಕು. ಹರಿದು ಹಾಕುವ ಮುಂಚೆ ಒಮ್ಮೆ ಕೊನೆಯ ತನಕ ಓದು. ಕೆಲಸ ಕುದುರೆಯದ್ದು, ನನ್ನದಲ್ಲ.

ನಿನ್ನ ನಂಬರು ನನ್ನ ಫೋನಿನಲ್ಲಿ ಇನ್ನೂ ಇದೆ. ತೆಗೆದು ತೆಗೆದು ಇಟ್ಟೆ, ಒತ್ತಲು ಧೈರ್ಯ ಬರಲಿಲ್ಲ. ರೂಪೇಶನಿಗೂ ನಿನಗೂ ಕೋರ್ಟಿನಲ್ಲಿ ವಿಚ್ಛೇದನವಾಗಿ ಎರಡು ವರ್ಷವಾಯಿತು. ತಪ್ಪು ಅವನದ್ದು ಎಂದು ಗೊತ್ತಿದ್ದೂ ಆವತ್ತು ನಾನು ಮಗನ ಪಕ್ಕ ನಿಂತವನು, ನಿನ್ನತ್ತ ತಿರುಗಿಯೂ ನೋಡಲಿಲ್ಲ. ಈಗ ಫೋನು ಮಾಡಿ ಯಾವ ಬಾಯಲ್ಲಿ ಮಾತಾಡುವುದು? ಕಾಗದದಲ್ಲಾದರೆ ಮುಖ ತೋರಿಸುವ ಗೋಜಿಲ್ಲ.

ಬಿಜಲಿ ನೆನಪಿದೆಯಲ್ಲ? ನೀನೇ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳಿದ ಬಿಳಿ ಕುದುರೆ. ಹೆಸರು ಮಿಂಚಿನದ್ದು, ನಡಿಗೆ ಕಾರ್ಪೊರೇಷನ್ ನೀರಿನ ಲಾರಿಯದ್ದು. ನಮ್ಮ ಹೋಟೆಲು ಊಟದ ಕಂಟ್ರಾಕ್ಟು ಹಿಡಿದ ಮದುವೆಗಳಿಗೆಲ್ಲ ಮದುಮಗನ ಮೆರವಣಿಗೆಗೆ ಈಗಲೂ ಅದೇ ಹೋಗುವುದು. ಪಟಾಕಿ ಹೊಡೆಯಲಿ, ನಾದಸ್ವರ ಊದಲಿ, ಕಿವಿ ಕೂಡ ಅಲ್ಲಾಡಿಸುವುದಿಲ್ಲ. ಕಾಫಿ ಕುಡಿಯಲು ಬಂದವರು ಹಿಂದಿನ ಲಾಯಕ್ಕೆ ಹೋಗಿ ಬೆಲ್ಲ ತಿನ್ನಿಸುತ್ತಾರೆ. ಕೆಲವರು ಬಾಲದ ಕೂದಲು ಕೇಳಿ ಒಯ್ಯುತ್ತಾರೆ. ನರಹುಲಿಗೆ ಕುದುರೆ ಬಾಲದ ಕೂದಲು ಬಿಗಿದು ಕಟ್ಟಿದರೆ ಒಣಗಿ ಬೀಳುತ್ತದೆ ಎಂಬ ಮಾತು ನಮ್ಮ ಕುಂದಾಪುರದ ಕಡೆ ಇದ್ದ ಹಾಗೆ ಇಲ್ಲಿಯವರಲ್ಲೂ ಇದೆ. ನೀನು ಇದಕ್ಕೆ ನಗುತ್ತಿದ್ದೆ.

ಈಗ ಅದರ ಹೊಟ್ಟೆಯ ಕೆಳಗೆ, ಜೀನಿನ ಪಟ್ಟಿ ಬಿಗಿಯುವ ಜಾಗದಲ್ಲಿ, ಒಂದು ಗಂಟು ಎದ್ದಿದೆ. ನವರಾತ್ರಿಯ ಹೊತ್ತಿಗೆ ಕಡಲೆಕಾಳಿನಷ್ಟಿತ್ತು, ಈಗ ನೆಲ್ಲಿಕಾಯಿ. ಮೇವು ತಿನ್ನುತ್ತದೆ, ಜ್ವರವಿಲ್ಲ. ಹತ್ತಿರದ ಡಾಕ್ಟರು ನಾಯಿ ಬೆಕ್ಕು ಮಾತ್ರ ನೋಡುವುದಂತೆ. ಅಂಟುವ ರೋಗವಾದರೆ ಸರ್ಕಾರದವರು ಬಂದು ಸೂಜಿ ಹಾಕಿ ಕೊಂದೇಬಿಡುತ್ತಾರೆ ಎಂದು ಲಾಯದ ಬಾಬು ಹೆದರಿಸಿದ್ದಾನೆ. ಆವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ಕುದುರೆ ಮುಟ್ಟಿ ಬಂದರೆ ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡಬೇಡ ಎಂದು ನಿನಗೆ ಹೇಳುತ್ತಿದ್ದವನು ನಾನೇ. ಈಗ ಅದೇ ಕೈ ಬೇಕು ಎನ್ನುತ್ತಿದ್ದೇನೆ. ನಾಚಿಕೆಯಿಲ್ಲವೇ ಎಂದು ಕೇಳಿದರೆ, ಇದೆ. ಇಟ್ಟುಕೊಂಡೇ ಬರೆದಿದ್ದೇನೆ.

ಉಪೇಂದ್ರ


ಮೈಸೂರು
೧೬ ಜನವರಿ ೨೦೨೪

ಮಾವನವರಿಗೆ ನಮಸ್ಕಾರ.

ಬೇರೆ ಏನೆಂದು ಬರೆಯಬೇಕೋ ತಿಳಿಯದೆ ಹಳೆಯದನ್ನೇ ಬರೆದಿದ್ದೇನೆ. ಅದಕ್ಕೆ ಹೆಚ್ಚಿನ ಅರ್ಥ ಕಟ್ಟಬೇಡಿ.

ಮೊದಲು ಹೆದರಿಕೆಯ ವಿಷಯ. ಕುದುರೆಯ ಮೈಮೇಲೆ ಏಳುವ ಗಂಟುಗಳೆಲ್ಲ ಒಂದೇ ರೋಗವಲ್ಲ. ಬಾಬು ಹೇಳಿದ್ದು ಗ್ಲಾಂಡರ್ಸ್ ಇರಬೇಕು. ಅದರಲ್ಲಿ ಕಾಲಿನ ಒಳಭಾಗದಲ್ಲಿ ಗಂಟುಗಳು ಸಾಲಾಗಿ ದಾರಕ್ಕೆ ಪೋಣಿಸಿದ ಹಾಗೆ ಏಳುತ್ತವೆ, ಒಡೆದು ಕೀವು ಸುರಿಸುತ್ತವೆ, ಮೂಗು ಸೋರುತ್ತದೆ, ಜ್ವರ ಬರುತ್ತದೆ. ಮನುಷ್ಯರಿಗೂ ಹರಡುತ್ತದೆ, ಸರ್ಕಾರಕ್ಕೆ ತಿಳಿಸಲೇಬೇಕು. ಇವುಗಳಲ್ಲಿ ಒಂದು ಕಂಡರೂ ಬರಿಗೈಯಲ್ಲಿ ಮುಟ್ಟದೆ ಅದೇ ದಿನ ತಿಳಿಸಿ.

ಅದಿಲ್ಲದಿದ್ದರೆ ಹಗಲು ಬೆಳಕಿನಲ್ಲಿ ಕುದುರೆಯನ್ನು ನಿಲ್ಲಿಸಿ, ಕಿವಿಯಿಂದ ಗೊರಸಿನವರೆಗೆ ಕೈಯಾಡಿಸಿ ನೋಡಿ. ಮೈತುಂಬ ದದ್ದು ಎದ್ದು ಮರುದಿನ ಇಳಿದರೆ ಮೇವಿನದ್ದೋ ಹುಳದ್ದೋ ಅಲರ್ಜಿ. ಬಾಲದ ಬುಡದಲ್ಲಿ ಕಪ್ಪಗೆ ಗಟ್ಟಿಯಾಗಿದ್ದರೆ ಬಿಳಿ ಕುದುರೆಗಳಿಗೆ ವಯಸ್ಸಾದಾಗ ಬರುವ ಗೆಡ್ಡೆ. ಹೊಟ್ಟೆಯ ಕೆಳಗೆ, ತೊಡೆಯ ಸಂದಿಯಲ್ಲಿ, ನರಹುಲಿಯಂತೆ ಒರಟಾಗಿಯೋ ಮಾಂಸದ ಬಣ್ಣದಲ್ಲೋ ಇದ್ದರೆ ಸಾರ್ಕಾಯ್ಡ್ ಎನ್ನುವ ಚರ್ಮದ ಗೆಡ್ಡೆ. ನೋಡಲು ನರಹುಲಿ, ಬುದ್ಧಿ ಬೇರೆ. ಸುಮ್ಮನೆ ಬಿಟ್ಟರೆ ವರ್ಷಗಟ್ಟಲೆ ಸುಮ್ಮನಿರಬಹುದು. ಕೆಣಕಿದರೆ ಸಿಟ್ಟಾಗಿ ಬೆಳೆಯುತ್ತದೆ.

ಆದ್ದರಿಂದ ಇದೊಂದಕ್ಕೆ ನೇರ ಉತ್ತರ ಕೊಡಿ. ಯಾರಾದರೂ ಅದನ್ನು ಕಟ್ಟಿದ್ದಾರೆಯೇ, ಸುಟ್ಟಿದ್ದಾರೆಯೇ, ಕೊಯ್ದಿದ್ದಾರೆಯೇ? ಮಾಡಿದ್ದರೆ ಬೈಯುವುದಿಲ್ಲ, ಆದರೆ ಚಿಕಿತ್ಸೆ ಬೇರೆಯಾಗುತ್ತದೆ. ಮಾಡಿಲ್ಲವಾದರೆ ಕಾದು ನೋಡಬಹುದು. ಎರಡೂ ಸಂದರ್ಭದಲ್ಲಿ ಜೀನು ಹಾಕಬೇಡಿ, ಮೆರವಣಿಗೆಗೆ ಕಳಿಸಬೇಡಿ.

ನನ್ನ ಜೊತೆ ಓದಿದ ಪ್ರತಾಪ್ ಚೆನ್ನೈಯಲ್ಲೇ ಕುದುರೆಗಳನ್ನು ನೋಡುತ್ತಾನೆ. ಅವನಿಗೆ ಹೇಳಿದ್ದೇನೆ. ಅನಸೂಯ ಅತ್ತೆಯ ಮಂಡಿನೋವು ಹೇಗಿದೆ?

ತೇಜು


ಪಶ್ಚಿಮ ತಾಂಬರಂ
೨೭ ಜನವರಿ ೨೦೨೪

ಪ್ರೀತಿಯ ತೇಜು,

ನಿನ್ನ ಕಾಗದ ಓದಿ ಅನಸೂಯ ಅತ್ತಳು. ಮಂಡಿನೋವಿನ ಸಾಲು ಬಂದಾಗ.

ನೀನು ಹೇಳಿದ ಹಾಗೆ ಬಿಸಿಲಿನಲ್ಲಿ ನಿಲ್ಲಿಸಿ ಕಿವಿಯಿಂದ ಗೊರಸಿನ ತನಕ ನೋಡಿದೆ. ಮೂಗು ಒಣಗಿದೆ, ಕಾಲುಗಳಲ್ಲಿ ಏನೂ ಇಲ್ಲ, ಬಾಲದ ಬುಡವೂ ಸ್ವಚ್ಛ. ಹೊಟ್ಟೆಯ ಕೆಳಗಿನದೊಂದು, ತೊಡೆಯ ಸಂದಿಯಲ್ಲಿ ಒರಟೊರಟು ಚಿಕ್ಕವು ಎರಡು. ಪ್ರತಾಪ್ ಬಂದರು. ಒಳ್ಳೆಯ ಹುಡುಗ, ಎರಡು ಪ್ಲೇಟ್ ನೀರುದೋಸೆ ತಿಂದರು. ಅವರೂ ನೀನು ಹೇಳಿದ ಹೆಸರನ್ನೇ ಹೇಳಿದರು. ದೊಡ್ಡದರ ಮೇಲೆ ಚರ್ಮ ಸ್ವಲ್ಪ ಸುಲಿದ ಹಾಗಿದೆಯಲ್ಲ ಎಂದು ಕೇಳಿದರು. ಪಟ್ಟಿ ಉಜ್ಜಿ ಆದದ್ದು ಎಂದೆ.

ಕಟ್ಟುವುದು, ಸುಡುವುದು ಯಾವುದೂ ಆಗಿಲ್ಲ. ನಾನೇನು ಅಷ್ಟು ದಡ್ಡನೇ? ಡಾಕ್ಟರನ್ನು ಮನೆಯಲ್ಲಿ ಇಟ್ಟುಕೊಂಡಿದ್ದ ಮನೆತನ ನಮ್ಮದು. ಊರಿನವರಿಗೆ ಕೂದಲು ಕೊಡುತ್ತೇನೆ ಅಷ್ಟೇ, ಅದು ಅವರವರ ನಂಬಿಕೆ. ಕುದುರೆಗೆ ಅದರದ್ದೇ ಬಾಲದ ಕೂದಲು ಕಟ್ಟುವ ಮೂರ್ಖ ಎಲ್ಲಾದರೂ ಇದ್ದಾನೆಯೇ?

ಎರಡು ತಿಂಗಳು ಕಾದು ನೋಡೋಣ ಎಂದಿದ್ದಾರೆ ಪ್ರತಾಪ್. ತಮಿಳರ ತೈ ತಿಂಗಳ ಮದುವೆಗಳಿಗೆಲ್ಲ ಕುದುರೆಯಿಲ್ಲ ಎಂದುಬಿಟ್ಟೆ. ಬಿಜಲಿ ಲಾಯದಲ್ಲಿ ನಿಂತು ದಪ್ಪಗಾಗುತ್ತಿದೆ, ನನ್ನ ಹಾಗೆ.

ನಿನ್ನ ಮಾವ,
ಉಪೇಂದ್ರ


ಮೈಸೂರು
೬ ಫೆಬ್ರವರಿ ೨೦೨೪

ಮಾವನವರಿಗೆ,

ನಿಮ್ಮ ಉತ್ತರ ನೋಡಿ ಸಮಾಧಾನವಾಯಿತು. ನೀವು ಬರೆದದ್ದನ್ನು ಪ್ರತಾಪನಿಗೆ ಹೇಳಿದೆ. ಸುಲಿದ ಚರ್ಮದ ಬಗ್ಗೆ ಅವನಿಗೆ ಅನುಮಾನವಿತ್ತು. ಮಾವ ಹಾಗೆ ಸುಳ್ಳು ಹೇಳುವವರಲ್ಲ, ಕೋಪಿಷ್ಠರೇ ಹೊರತು ಮುಚ್ಚಿಡುವವರಲ್ಲ ಎಂದೆ. ಆದ್ದರಿಂದ ಕೆಣಕದೆ ಬಿಟ್ಟಿದ್ದೇವೆ.

ಯಾಕೆ ಇಷ್ಟು ಒತ್ತಿ ಕೇಳಿದೆ ಎಂದರೆ, ಹೋದ ವರ್ಷ ಇಟ್ಟಿಗೆ ಗೂಡಿನ ಒಂದು ಹೇಸರಗತ್ತೆಯನ್ನು ನೋಡಿದ್ದೆ. ಕಿವಿಯ ಹತ್ತಿರ ಚಿಕ್ಕದೊಂದು ಗಂಟು. ಯಜಮಾನ ತಂತಿ ಬಿಗಿದಿದ್ದ. ತಲೆ ಉದುರಿತು, ಬೇರು ಉಳಿಯಿತು. ನಾನು ನೋಡುವ ಹೊತ್ತಿಗೆ ತೆಂಗಿನಕಾಯಿಯಷ್ಟಾಗಿ ಕಣ್ಣು ಮುಚ್ಚಿತ್ತು. ಇದನ್ನು ತೆಗೆದರೆ ಸುತ್ತಲಿನ ಒಳ್ಳೆಯ ಚರ್ಮದ ಸಮೇತ ಪೂರ್ತಿ ತೆಗೆಯಬೇಕು, ಇಲ್ಲವೇ ಪೂರ್ತಿ ಬಿಡಬೇಕು. ಅರ್ಧ ಕೆಲಸ ಮಾಡಿದವರೇ ಪ್ರಾಣಿಯನ್ನು ಕೊಲ್ಲುವುದು.

ದೊಡ್ಡದಾದರೆ, ರಕ್ತ ಬಂದರೆ, ನೊಣ ಕೂತರೆ ಕೂಡಲೇ ಪ್ರತಾಪನನ್ನು ಕರೆಯಿರಿ. ಅತ್ತೆಗೆ ನನ್ನ ನೆನಪು ಹೇಳಿ.

ತೇಜು


ಮೈಸೂರು
೨೯ ಮಾರ್ಚ್ ೨೦೨೪

ಉಪೇಂದ್ರ ಅವರಿಗೆ,

ಮೊನ್ನೆ ಚೆನ್ನೈನ ಕೋಡಂಬಾಕ್ಕಂನಿಂದ ಪದ್ಮನಾಭ ಎನ್ನುವವರು ಫೋನ್ ಮಾಡಿದ್ದರು. ನಿಮ್ಮ ಊರ ಕಡೆಯವರೇ, ಅಲ್ಲಿ ಹೋಟೆಲು ನಡೆಸುವವರು. ಪರಿಚಯ ಹೇಳಿಕೊಂಡ ಮೇಲೆ ಅವರ ಮೊದಲ ಮಾತು ಇದು: "ನೀವ್ ಪಾಸ್ ಮಾಡಿದ್ ಕುದುರೆ ನಮ್ ಹುಡ್ಗನ್ ಕೈ ಮುರೀತಲ್ಲ ಡಾಕ್ಟ್ರೇ."

ನಾನು ಯಾವ ಕುದುರೆ ಎಂದು ಕೇಳಿದೆ. ಅವರು ವಿವರವಾಗಿ ಹೇಳಿದರು. ಅವರ ಮಗ ಮನೀಶನ ಮೆರವಣಿಗೆಗೆ ನೀವು ಬಿಜಲಿಯನ್ನು ಕಳಿಸಿದ್ದೀರಿ. ಹೊಟ್ಟೆಯ ಕೆಳಗೆ ಏನೋ ಊದಿದೆಯಲ್ಲ ಎಂದು ಹೊರಡುವ ಮುಂಚೆ ಅವರು ಕೇಳಿದ್ದಾರೆ. ನೀವು ಅದರ ಮೇಲೆ ಜರಿಬಟ್ಟೆ ಎಳೆದು, "ನಮ್ ಸೊಸೆಯೇ ಕುದುರೆ ಡಾಕ್ಟ್ರು, ಅವ್ಳ್ ಕಂಡ್ ಸರಿ ಇತ್ತ್ ಅಂದಿದ್ಳ್" ಎಂದಿದ್ದೀರಿ. ಅರ್ಧ ದಾರಿಯಲ್ಲಿ ಪಟ್ಟಿಯ ಕೆಳಗೆ ಗೆಡ್ಡೆ ಒಡೆದಿದೆ. ಕುದುರೆ ಮುಂಗಾಲೆತ್ತಿದೆ. ಹುಡುಗ ಬಿದ್ದು ಮಣಿಕಟ್ಟು ಮುರಿದುಕೊಂಡು ಒಂದೇ ಕೈಯಲ್ಲಿ ತಾಳಿ ಹಿಡಿದಿದ್ದಾನೆ.

ಅವರು ಇದನ್ನೆಲ್ಲ ನಿಮ್ಮ ಹೋಟೆಲು ಮಾಲೀಕರ ವಾಟ್ಸ್ಯಾಪ್ ಗುಂಪಿನಲ್ಲಿ ನನ್ನ ಪೂರ್ತಿ ಹೆಸರಿನೊಂದಿಗೆ ಹಾಕಿದ್ದಾರೆ. ಪಶುವೈದ್ಯ ಮಂಡಳಿಗೆ ದೂರು ಕೊಟ್ಟಿದ್ದಾರೆ. ನಾನು ಕೆಲಸ ಮಾಡುವ ಸವಾರಿ ಶಾಲೆಯವರು ವಿಚಾರಣೆ ಮುಗಿಯುವ ತನಕ ಬರಬೇಡಿ ಎಂದಿದ್ದಾರೆ. ನಾನು ಆ ಕುದುರೆಯನ್ನು ಮುಟ್ಟಿ ಎರಡು ವರ್ಷದ ಮೇಲಾಯಿತು.

ಪ್ರತಾಪ್ ನಿನ್ನೆ ಲಾಯಕ್ಕೆ ಹೋಗಿ ನೋಡಿದ್ದಾನೆ. ಗೆಡ್ಡೆಯ ಸುತ್ತ ಕೂದಲು ಬಿಗಿದ ಗೆರೆ ಇದೆಯಂತೆ, ಪಕ್ಕದ ಚರ್ಮದಲ್ಲಿ ಸುಣ್ಣ ಸುಟ್ಟ ಹಳೆಯ ಕಲೆ. ಫೋಟೋ ಕಳಿಸಿದ್ದಾನೆ. ನಿಮ್ಮ ಪರವಾಗಿ ಅವನ ಹತ್ತಿರ ಮಾತಾಡಿದ್ದು ನಾನು. ಈಗ ಅವನಿಗೆ ಮುಖ ತೋರಿಸಲು ನನಗೆ ನಾಚಿಕೆ.

ನಾನು ನಿಮ್ಮ ಸೊಸೆಯಲ್ಲ. ಬೇಕಾದಾಗ ಬಿಗಿಯುವುದಕ್ಕೂ ಬೇಡವಾದಾಗ ಬಿಚ್ಚಿಡುವುದಕ್ಕೂ ಸೊಸೆ ಎನ್ನುವುದು ಜೀನಲ್ಲ.

ಡಾ. ತೇಜು


ಪಶ್ಚಿಮ ತಾಂಬರಂ
೫ ಏಪ್ರಿಲ್ ೨೦೨೪

ತೇಜು,

ಎಲ್ಲ ನಿಜ. ಒಂದೊಂದು ಅಕ್ಷರವೂ ನಿಜ.

ನಿನಗೆ ಮೊದಲ ಕಾಗದ ಬರೆಯುವ ಮುಂಚೆಯೇ ಕಟ್ಟಿಯಾಗಿತ್ತು. ಇಷ್ಟು ಜನರ ನರಹುಲಿ ಇದರ ಬಾಲದ ಕೂದಲಿನಿಂದ ಬಿದ್ದಿದೆ, ಇದರದ್ದೇ ಬೀಳದೇ ಹೋದೀತೇ ಎಂದು ನನ್ನ ತಲೆಗೆ ಹೊಳೆಯಿತು. ಬಾಬು ಲಗಾಮು ಹಿಡಿದ, ನಾನು ಕೂತು ಬಿಗಿದೆ. ಬುಡ ಅಗಲ, ಕೂದಲು ನಿಲ್ಲಲಿಲ್ಲ, ಮೇಲಿನದನ್ನಷ್ಟೇ ಕೊಯ್ಯಿತು. ಉಳಿದದ್ದಕ್ಕೆ ಎಲೆಯಡಿಕೆಯ ಸುಣ್ಣ, ಸೋಡಾಖಾರ ಕಲಸಿ ಹಚ್ಚಿದೆ. ನನ್ನ ಅಜ್ಜಿ ನನ್ನ ಬೆರಳಿನ ನರಹುಲಿಗೆ ಹಚ್ಚಿದ್ದು ಅದೇ. ಬಿಜಲಿ ಒದೆಯಲಿಲ್ಲ. ಚರ್ಮ ನಡುಗಿಸಿ ನನ್ನ ಭುಜದ ಮೇಲೆ ತಲೆಯಿಟ್ಟು ನಿಂತಿತು. ಆ ಭುಜ ಈಗಲೂ ಭಾರವಾಗಿದೆ.

ನೀನು ನೇರ ಕೇಳಿದೆ. ಹೌದು ಎಂದು ಬರೆಯಲು ಕೂತೆ. ಆದರೆ ಊರಿಗೆಲ್ಲ ಬುದ್ಧಿ ಹೇಳುವ ಉಪೇಂದ್ರ ನಿನ್ನ ಮುಂದೆ ಹಳ್ಳಿಗುಗ್ಗು ಆಗಬೇಕಲ್ಲ ಎನ್ನಿಸಿತು. ಬೇರೆ ಯಾರ ಮುಂದಾದರೂ ಆಗುತ್ತಿದ್ದೆ. ಬರೆದದ್ದು ಇನ್ನೊಂದು.

ಪದ್ಮನಾಭ ನನ್ನ ಹಳೆಯ ಸ್ನೇಹಿತ. ಬಿಜಲಿಯೇ ಬೇಕು ಎಂದ. ಆಗಲೇ ಗೆಡ್ಡೆ ಮೂಸಂಬಿಯಷ್ಟಾಗಿತ್ತು, ಪ್ರತಾಪರಿಗೆ ಫೋನು ಮಾಡಿದರೆ ಸುಳ್ಳು ಹೊರಬೀಳುತ್ತದೆ ಎಂದು ಮಾಡಿರಲಿಲ್ಲ. ಇಲ್ಲ ಎಂದರೆ ಕಾರಣ ಹೇಳಬೇಕು. ಹತ್ತಿ ಒತ್ತಿ ಮೇಲೆ ಪಟ್ಟಿ ಬಿಗಿದೆ. ನಾದಸ್ವರದವರು ತಿರುವು ದಾಟುವಾಗ ಜರಿಬಟ್ಟೆಯ ಅಂಚಿನಿಂದ ರಕ್ತ ತೊಟ್ಟಿಕ್ಕಿದ್ದು ನಾನೇ ಮೊದಲು ನೋಡಿದ್ದು. ನೋಡಿ ಸುಮ್ಮನೆ ನಡೆದೆ, ಮಂಟಪ ಇನ್ನೇನು ಬಂತು ಎಂದು. ಎಂದೂ ಕಿವಿ ಅಲ್ಲಾಡಿಸದ ಪ್ರಾಣಿ ಮುಂಗಾಲೆತ್ತಿ ಕಿರುಚಿದ ಸದ್ದು ಈಗ ಹೋಟೆಲಿನಲ್ಲಿ ಪಾತ್ರೆ ಬಿದ್ದರೂ ಕೇಳಿಸುತ್ತದೆ.

ಮನೀಶನ ಮನೆಗೆ ಹೋಗಿ ಕೈ ಮುಗಿದು ಬಂದೆ. ಬಿಜಲಿಯ ಮುಂದೆ ಕೂತು ದಿನಾ ಕ್ಷಮೆ ಕೇಳುತ್ತೇನೆ. ಅದು ನನ್ನ ಅಂಗಿಯ ಜೇಬಿನಲ್ಲಿ ಬೆಲ್ಲ ಹುಡುಕುತ್ತದೆ, ಅದೇ ನನಗೆ ತಡೆಯಲಾಗದ್ದು. ಪ್ರತಾಪ್ ಆಪರೇಷನ್ ಮಾಡಬೇಕು, ಉಳಿಯುವುದು ಅರ್ಧಕ್ಕರ್ಧ ಎಂದಿದ್ದಾರೆ. ನೀನು ಬಂದು ನಿಂತರೆ ಉಳಿದೀತು. ಬಾ ಎನ್ನುವ ಹಕ್ಕು ನನಗಿಲ್ಲ.

ಗುಂಪಿನ ವಿಷಯ. ಅಲ್ಲಿರುವವರೆಲ್ಲ ನಮ್ಮ ಊರ ಕಡೆಯವರು, ನಲವತ್ತು ವರ್ಷ ಮುಖ ನೋಡಿದವರು. ಹೇಗೆ ಬರೆಯಲಿ ಹೇಳು. ಒಂದೆರಡು ತಿಂಗಳಲ್ಲಿ ಜನ ತಾವಾಗಿ ಮರೆಯುತ್ತಾರೆ.

ಉಪೇಂದ್ರ


ಮೈಸೂರು
೧೨ ಏಪ್ರಿಲ್ ೨೦೨೪

ಉಪೇಂದ್ರ ಅವರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಿಜಲಿಯ ಕ್ಷಮೆ ಕೇಳಿದ್ದೀರಿ, ಮನೀಶನಿಗೆ ಕೈ ಮುಗಿದಿದ್ದೀರಿ. ಎರಡನೆಯ ಸಲ ಓದಿದ್ದು ನಾನು ಅದರಲ್ಲಿ ಎಲ್ಲಿದ್ದೇನೆ ಎಂದು ಹುಡುಕಲು. ಸಿಗಲಿಲ್ಲ.

ಕುದುರೆಗಾಗಿ ಬರುತ್ತೇನೆ. ದಿನ ಪ್ರತಾಪ್ ತಿಳಿಸುತ್ತಾನೆ. ಅಲ್ಲಿಯವರೆಗೆ ಗಾಯವನ್ನು ಉಪ್ಪುನೀರಿನಲ್ಲಿ ತೊಳೆದು, ನೊಣ ಕೂರದ ಹಾಗೆ ತೆಳು ಬಟ್ಟೆ ಕಟ್ಟಿ. ಬೇರೆ ಏನನ್ನೂ ಹಚ್ಚಬೇಡಿ.

ಜನ ಮರೆಯುತ್ತಾರೆ ಎಂದಿದ್ದೀರಿ. ಜನ ಮರೆಯುವುದು ನಿಮ್ಮನ್ನು. ಕೆಲಸ ಕೇಳಿಕೊಂಡು ಹೋದ ಕಡೆಯೆಲ್ಲ ಅವರಿಗೆ ನೆನಪಾಗುವುದು ನನ್ನ ಹೆಸರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಹೋದದ್ದು ಒಂದು ಮೆರವಣಿಗೆಗೆ. ನನ್ನ ಹೆಸರನ್ನು ನಾಲ್ಕು ಜನರ ಮುಂದೆ ತೆಗೆದುಕೊಂಡಿರಿ. ವಾಪಸ್ಸು ಕೊಡುವುದಿದ್ದರೆ ನಾಲ್ಕು ಜನರ ಮುಂದೆಯೇ ಕೊಡಿ. ಅಂಚೆಯಲ್ಲಿ ಬೇಡ.

ಡಾ. ತೇಜು


ಪಶ್ಚಿಮ ತಾಂಬರಂ
೨ ಜೂನ್ ೨೦೨೪

ಡಾಕ್ಟರ್ ತೇಜು ಅವರಿಗೆ ನಮಸ್ಕಾರ.

ಬಿಜಲಿಯ ಹೊಲಿಗೆ ಕೂಡಿದೆ. ಲ್ಯಾಬಿನ ವರದಿಯಲ್ಲಿ ನೀವು ಮೊದಲೇ ಹೇಳಿದ ಹೆಸರೇ ಬಂದಿದೆ, ಅಂಚಿನ ಚರ್ಮ ಸ್ವಚ್ಛವಾಗಿದೆಯಂತೆ. ಮತ್ತೆ ಬರಬಹುದು, ತಿಂಗಳಿಗೊಮ್ಮೆ ಕೈಯಾಡಿಸಿ ನೋಡಬೇಕು ಎಂದಿದ್ದಾರೆ ಪ್ರತಾಪ್. ತೊಡೆಯ ಸಂದಿಯವು ಇದ್ದ ಹಾಗೇ ಇವೆ, ಮುಟ್ಟುವುದಿಲ್ಲ. ಇನ್ನು ಅದರ ಮೈಮೇಲೆ ಜೀನು ಏರುವುದಿಲ್ಲ.

ಆಪರೇಷನ್ನಿನ ದಿನ ನೀವಿಬ್ಬರೂ ಲಾಯದೊಳಗಿದ್ದಾಗ ನಾನು ಹೊರಗೆ ಹುಲ್ಲಿನ ಕಟ್ಟಿನ ಮೇಲೆ ಕೂತಿದ್ದೆ. ಕೆಲಸ ಮುಗಿಸಿ ನೀವು ಮೊಣಕೈ ತನಕ ರಕ್ತವಾಗಿ ಹೊರಬಂದಿರಿ. ಅನಸೂಯ ಒಳಗೆ ಎಲೆ ಹಾಕಿ ಕರೆದಳು. "ಸ್ನಾನ ಆಗಿಲ್ಲ ಅತ್ತೆ" ಎಂದು ನಲ್ಲಿಯಲ್ಲಿ ಕೈ ತೊಳೆದು ಹೊರಟುಬಿಟ್ಟಿರಿ. ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ನಾನು ಆವತ್ತು ಊಟ ಮಾಡುತ್ತಿದ್ದೆ.

ನಿನ್ನೆ ನಮ್ಮ ಹೋಟೆಲು ಮಾಲೀಕರ ಸತ್ಯನಾರಾಯಣ ಪೂಜೆ, ಮಹಾಸಭೆ ಇತ್ತು. ವಾಟ್ಸ್ಯಾಪಿನಲ್ಲಿ ಇರುವವರೆಲ್ಲ ಬಂದಿದ್ದರು. ಪದ್ಮನಾಭ, ಕೈಗೆ ಇನ್ನೂ ಪಟ್ಟಿ ಕಟ್ಟಿದ ಮನೀಶ್, ಹಿಂದಿನ ಸಾಲಿನಲ್ಲಿ ರೂಪೇಶ್. ಮಂಗಳಾರತಿ ಆಗಿ ಊಟಕ್ಕೆ ಏಳುವ ಮುಂಚೆ ಮೈಕು ಕೇಳಿ ತೆಗೆದುಕೊಂಡೆ. ಪೂಜೆಯ ಅಡುಗೆಯ ಲೆಕ್ಕ ಹೇಳುತ್ತಾನೆ ಎಂದು ಎಲ್ಲರೂ ಕೂತರು.

ಕೂದಲು ಕಟ್ಟಿದ್ದು ಹೇಳಿದೆ, ಸುಣ್ಣ ಹಚ್ಚಿದ್ದು ಹೇಳಿದೆ. ಹಿಂದೆ ಒಂದಿಬ್ಬರು ನಕ್ಕರು. ಡಾಕ್ಟರು ಕೇಳಿದಾಗ ಸುಳ್ಳು ಬರೆದದ್ದು, ಜೀನು ಹಾಕಬೇಡಿ ಎಂದು ಅವರು ಬರೆದ ಮೇಲೂ ಹಾಕಿದ್ದು, ಅವರು ನೋಡದ ಕುದುರೆಗೆ ಅವರ ಹೆಸರು ಅಂಟಿಸಿದ್ದು ಎಲ್ಲ ಹೇಳಿದೆ. ಆಗ ನಗು ನಿಂತಿತು. ನಿಮ್ಮ ಜನವರಿಯ ಕಾಗದವನ್ನು ಮೈಕಿನಲ್ಲೇ ಓದಿದೆ. ಮಂಡಳಿಗೂ ಸವಾರಿ ಶಾಲೆಗೂ ಇದನ್ನೇ ಬರೆದು ಸಹಿ ಹಾಕಿ ಕಳಿಸಿದ್ದೇನೆ ಎಂದೆ. ಮಗನ ತಪ್ಪಿಗೆ ನಾನೇ ಮಾತು ಬಿಟ್ಟ ಹೆಣ್ಣಿನ ಹೆಸರನ್ನು ಕುದುರೆಯ ತಪ್ಪಿಗೂ ಒತ್ತೆಯಿಟ್ಟೆ ಎಂದೆ. ರೂಪೇಶ್ ಎದ್ದು ಹೊರಗೆ ಹೋದ. ನಾನು ಕರೆಯಲಿಲ್ಲ.

ಪದ್ಮನಾಭ ಅಲ್ಲೇ ದೂರು ಹಿಂದೆ ತೆಗೆದುಕೊಳ್ಳುತ್ತೇನೆ ಎಂದ. ನನ್ನ ಜೊತೆ ಮಾತಾಡಲಿಲ್ಲ, ಅದು ಅವನ ನ್ಯಾಯ.

ಮೈಕು ಕೆಳಗಿಡುವ ಹೊತ್ತಿಗೆ ಮುಂದಿನ ಸಾಲಿನಿಂದ ಶೀನ ಕೇಳಿದ. ನಮ್ಮ ಊರಿನವನೇ, ಕುಹಕದವನಲ್ಲ, ಈಗ ನೀವು ನನಗೆ ಏನಾಗಬೇಕು ಎಂದು ಗೊತ್ತಾಗದೇ ಕೇಳಿದ್ದು. "ಅಲ್ಲ ಉಪೇಂದ್ರಣ್ಣ, ಹಂಗಾರೆ ಆ ಡಾಕ್ಟ್ರು ನಿಮ್ಗೆ ಎಂತ ಆಯ್ಕ್?"

ಮೈಕನ್ನು ಮತ್ತೆ ಎತ್ತಿಕೊಂಡೆ. ಎಲ್ಲರೂ ಕಾಯುತ್ತಿದ್ದರು. ಅನಸೂಯ ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿದ್ದಳು.

"ಎಂತದೂ ಅಲ್ಲ ಶೀನ," ಎಂದೆ. "ಅವ್ರ್ ನಂಗೆ ಎಂತದಾರೂ ಆಪುಕೆ ನಾನ್ ಬಿಡ್ಲೇ ಇಲ್ಲೆ."

ಉಪೇಂದ್ರ